ವರ್ಣಭೇದ, ವಸಾಹತು ಮತ್ತು ‘ಆಂತರಿಕ ವಿಷಯ’ವೆಂಬ ಗುರಾಣಿ

ವಿಶ್ವಸಂಸ್ಥೆಯ ಸನ್ನದಿಗೆ 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿ ಬಿದ್ದಾಗ, ಒಂದಕ್ಕೊಂದು ಸುಲಭವಾಗಿ ಹೊಂದದ ಎರಡು ಮಾತುಗಳು ಅದರೊಳಗೆ ಜಾಗ ಪಡೆದಿದ್ದವು. ಸನ್ನದಿನ ಪೀಠಿಕೆಯು ಮನುಷ್ಯನ ಮೂಲಭೂತ ಹಕ್ಕುಗಳಲ್ಲಿ ನಂಬಿಕೆಯನ್ನು ಸಾರಿದರೆ, ಎರಡನೆಯ ವಿಧಿಯ ಏಳನೆಯ ಖಂಡವು ಯಾವುದೇ ರಾಷ್ಟ್ರದ ಆಂತರಿಕ ಅಧಿಕಾರಕ್ಕೆ ಮೂಲತಃ ಸೇರಿದ ವಿಷಯಗಳಲ್ಲಿ ವಿಶ್ವಸಂಸ್ಥೆ ಕೈಹಾಕುವಂತಿಲ್ಲ ಎಂದು ಹೇಳಿತ್ತು. ಒಂದು ಸರ್ಕಾರ ತನ್ನದೇ ನೆಲದಲ್ಲಿ ತನ್ನದೇ ಪ್ರಜೆಗಳ ಹಕ್ಕನ್ನು ಕಿತ್ತುಕೊಂಡರೆ ಈ ಎರಡರಲ್ಲಿ ಯಾವ ಮಾತು ಮೇಲಾಗಬೇಕು ಎಂಬುದನ್ನು ಸನ್ನದು ಸ್ಪಷ್ಟಪಡಿಸಿರಲಿಲ್ಲ. ಆಗಿನ 51 ಸ್ಥಾಪಕ ಸದಸ್ಯರಲ್ಲಿ ಆಫ್ರಿಕ ಖಂಡದಿಂದ ಇದ್ದವು ಈಜಿಪ್ಟ್, ಇಥಿಯೋಪಿಯ, ಲೈಬೀರಿಯ ಮತ್ತು ದಕ್ಷಿಣ ಆಫ್ರಿಕ ಎಂಬ ನಾಲ್ಕೇ ದೇಶಗಳು. ಇವುಗಳಲ್ಲಿ ಕೊನೆಯದು ಬಿಳಿಯರ ಆಡಳಿತದಲ್ಲಿತ್ತು, ಮತ್ತು ಪೀಠಿಕೆಯ ಕರಡನ್ನು ರೂಪಿಸಿದವರಲ್ಲಿ ಆ ದೇಶದ ಪ್ರಧಾನಿ ಯಾನ್ ಸ್ಮಟ್ಸ್ ಅವರೂ ಒಬ್ಬರಾಗಿದ್ದರು. ಮುಂದಿನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ವರ್ಣಭೇದ ಮತ್ತು ವಸಾಹತು ಆಡಳಿತದ ವಿರುದ್ಧ ನಡೆದ ರಾಜತಾಂತ್ರಿಕ ಹೋರಾಟವನ್ನು, ಮೇಲಿನ ಎರಡು ಮಾತುಗಳಲ್ಲಿ ಮೊದಲನೆಯದನ್ನು ಎರಡನೆಯದಕ್ಕಿಂತ ಮೇಲೆ ನಿಲ್ಲಿಸುವ ದೀರ್ಘ ಪ್ರಯತ್ನವೆಂದೇ ಓದಬಹುದು.

ಆ ಪ್ರಯತ್ನ ಆರಂಭವಾದದ್ದು ಭಾರತದ ದೂರಿನಿಂದ. 1860ರ ನವೆಂಬರಿನಿಂದ ನಟಾಲ್ ಪ್ರಾಂತ್ಯದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ, ಅಂದರೆ ನಿಗದಿತ ವರ್ಷಗಳ ಕಾಲ ಒಬ್ಬನೇ ಮಾಲೀಕನಲ್ಲಿ ದುಡಿಯಲು ಒಪ್ಪಂದಕ್ಕೆ ಬದ್ಧರಾಗಿ ಹೋದ ಭಾರತೀಯರ ಸಂತತಿಯು ಅಲ್ಲಿಯೇ ನೆಲೆಸಿತ್ತು. ಅವರ ಸ್ಥಿತಿಗತಿಯ ಬಗ್ಗೆ 1927ರ ಕೇಪ್‌ಟೌನ್ ಒಪ್ಪಂದವಾದ ಬಳಿಕ ಭಾರತ ಸರ್ಕಾರವು ತನ್ನ ಪ್ರತಿನಿಧಿಯೊಬ್ಬರನ್ನು ಅಲ್ಲಿ ನೇಮಿಸುತ್ತ ಬಂದಿತು. ಮೊದಲು ಆ ಸ್ಥಾನದಲ್ಲಿದ್ದವರು ವಿ. ಎಸ್. ಶ್ರೀನಿವಾಸ ಶಾಸ್ತ್ರಿ, 1938ರಿಂದ 1941ರವರೆಗೆ ಇದ್ದವರು ಮಂಗಳೂರಿನ ಬೆನಗಲ್ ಮನೆತನದ ಬಿ. ರಾಮರಾವ್, ಅಂದರೆ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಅವರ ಸಹೋದರರು ಮತ್ತು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ಇಂಥ ಪ್ರತಿನಿಧಿಗಳ ಮಾತುಕತೆಯಿಂದ ಸಿಕ್ಕಿದ್ದು ಕಡಿಮೆ. ಭಾರತೀಯರು ಜಮೀನು ಕೊಳ್ಳುವುದನ್ನೂ ಇಷ್ಟಬಂದೆಡೆ ವಾಸಿಸುವುದನ್ನೂ ಬಿಗಿಯಾಗಿ ನಿರ್ಬಂಧಿಸುವ ಕಾಯಿದೆಯನ್ನು 1946ರಲ್ಲಿ ಸ್ಮಟ್ಸ್ ಸರ್ಕಾರ ತಂದಾಗ ಡರ್ಬಾನಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸುಮಾರು 2,000 ಮಂದಿ ಬಂಧನಕ್ಕೊಳಗಾದರು. ಭಾರತವು ತನ್ನ ಹೈಕಮಿಷನರನ್ನು ಹಿಂದಕ್ಕೆ ಕರೆಸಿಕೊಂಡು, ವ್ಯಾಪಾರ ಒಪ್ಪಂದವನ್ನು ರದ್ದುಗೊಳಿಸಿ, ಅದೇ ವರ್ಷದ ಜುಲೈನಲ್ಲಿ ದಕ್ಷಿಣ ಆಫ್ರಿಕದೊಂದಿಗಿನ ವ್ಯಾಪಾರವನ್ನು ಪೂರ್ತಿಯಾಗಿ ನಿಷೇಧಿಸಿತು; ಭಾರತದ ಒಟ್ಟು ರಫ್ತಿನ ಸುಮಾರು ಶೇ. 5ರಷ್ಟು ಪಾಲು ಆಗ ಆ ದೇಶಕ್ಕೆ ಹೋಗುತ್ತಿತ್ತು. ಈ ಕ್ರಮಗಳನ್ನು ಕೈಗೊಂಡು ವಿಶ್ವಸಂಸ್ಥೆಗೆ ದೂರು ಕೊಟ್ಟಾಗ ಭಾರತವಿನ್ನೂ ಸ್ವತಂತ್ರವಾಗಿರಲಿಲ್ಲ. ದೆಹಲಿಯಲ್ಲಿ ವೈಸರಾಯ್ ಆಡಳಿತವೇ ಇತ್ತು. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಒಂದು ದೇಶ ಅದೇ ಸಾಮ್ರಾಜ್ಯದ ಇನ್ನೊಂದರ ಮೇಲೆ ಜಗತ್ತಿನ ಮುಂದೆ ದೂರು ಹೇಳಿದ ಈ ಸಂದರ್ಭ ಲಂಡನ್ನಿಗೆ ಎಷ್ಟು ಮುಜುಗರ ತಂದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಆ ವರ್ಷದ ಕೊನೆಗೆ ನ್ಯೂಯಾರ್ಕಿನಲ್ಲಿ ಸೇರಿದ ಸಾಮಾನ್ಯ ಸಭೆಯಲ್ಲಿ, ಅಂದರೆ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಒಂದೊಂದು ಮತವಿರುವ ವೇದಿಕೆಯಲ್ಲಿ, ಭಾರತದ ನಿಯೋಗವನ್ನು ವಿಜಯಲಕ್ಷ್ಮಿ ಪಂಡಿತ್ ಮುನ್ನಡೆಸಿದರೆ ಎದುರು ಪಕ್ಷದಲ್ಲಿ ಸ್ವತಃ ಸ್ಮಟ್ಸ್ ಇದ್ದರು. ದಕ್ಷಿಣ ಆಫ್ರಿಕದ ಭಾರತೀಯರು ತಮ್ಮ ದೇಶದ ಪ್ರಜೆಗಳಾದ್ದರಿಂದ ಇದು ಆಂತರಿಕ ವಿಷಯವೆಂದೂ, ಸಂದೇಹವಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಬೇಕೆಂದೂ ಅವರು ವಾದಿಸಿದರು. ಸಭೆ ಅದನ್ನು ಒಪ್ಪಲಿಲ್ಲ. ಭಾರತೀಯರನ್ನು ನಡೆಸಿಕೊಳ್ಳುವ ರೀತಿ ಎರಡು ದೇಶಗಳ ನಡುವಿನ ಒಪ್ಪಂದಗಳಿಗೂ ಸನ್ನದಿಗೂ ಅನುಗುಣವಾಗಿರಬೇಕೆಂಬ ನಿರ್ಣಯವು ಡಿಸೆಂಬರ್ 8ರಂದು 32 ಮತಗಳಿಂದ ಅಂಗೀಕಾರವಾಯಿತು. 15 ದೇಶಗಳು ವಿರೋಧಿಸಿದವು, 7 ತಟಸ್ಥವಾಗಿ ಉಳಿದವು. ಬ್ರಿಟನ್ ಮತ್ತು ಅಮೆರಿಕ ವಿರೋಧಿಸಿದವರ ಸಾಲಿನಲ್ಲಿದ್ದವು. ಭಾರತದ ಜಾತಿ ವ್ಯವಸ್ಥೆಯತ್ತ ಬೆರಳು ತೋರಿಸುವುದು ದಕ್ಷಿಣ ಆಫ್ರಿಕದ ಪ್ರತಿನಿಧಿಗಳು ರೂಢಿಸಿಕೊಂಡ ಮರುವಾದವಾಗಿತ್ತು. ತಪ್ಪಿಸಿಕೊಳ್ಳುವ ಉದ್ದೇಶದಿಂದ ಆಡಿದ್ದಾದರೂ ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. 2001ರಲ್ಲಿ ಅದೇ ಡರ್ಬಾನಿನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ, ಜಾತಿಯ ಪ್ರಶ್ನೆಯನ್ನು ಅಲ್ಲಿ ಚರ್ಚಿಸಕೂಡದೆಂದು ಪಟ್ಟು ಹಿಡಿದ ಭಾರತ ಸರ್ಕಾರದ ವಾದವು ಸ್ಮಟ್ಸ್ ಅವರ ವಾದದಿಂದ ಬಹಳ ದೂರವೇನೂ ಇರಲಿಲ್ಲ.

1946ರ ನಿರ್ಣಯದ ಬಲವೂ ಮಿತಿಯೂ ಒಂದೇ ಕಡೆ ಇದ್ದವು. ಭಾರತ ಎತ್ತಿದ್ದು ಭಾರತೀಯ ಮೂಲದವರ ಪ್ರಶ್ನೆಯನ್ನು. ಅದಕ್ಕೆ ಎರಡು ಸರ್ಕಾರಗಳ ನಡುವಿನ ಹಳೆಯ ಒಪ್ಪಂದದ ಆಧಾರವಿತ್ತು. ಆ ದೇಶದ ಬಹುಸಂಖ್ಯಾತರಾದ ಕರಿಯರ ಪರವಾಗಿ ಮಾತಾಡಲು ಅಂಥ ಆಧಾರ ಯಾರಿಗೂ ಇರಲಿಲ್ಲ. ಆದರೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಎ. ಬಿ. ಕ್ಸೂಮ ಆ ಅಧಿವೇಶನದ ವೇಳೆ ನ್ಯೂಯಾರ್ಕಿಗೆ ಹೋಗಿ ಪ್ರತಿನಿಧಿಗಳನ್ನು ಭೇಟಿಯಾಗಿದ್ದರು, ಮತ್ತು 1947ರ ಮಾರ್ಚ್‌ನಲ್ಲಿ ಅವರೂ ಭಾರತೀಯ ಸಮುದಾಯದ ನಾಯಕರಾದ ಯೂಸುಫ್ ದಾದೂ, ಜಿ. ಎಂ. ನಾಯ್ಕರ್ ಅವರೂ ಕೂಡಿ ಹೋರಾಡುವ ಒಡಂಬಡಿಕೆಗೆ ಸಹಿ ಹಾಕಿದರು. ಮೂವರೂ ವೈದ್ಯರಾಗಿದ್ದುದರಿಂದ ಅದು ‘ವೈದ್ಯರ ಒಪ್ಪಂದ’ವೆಂದೇ ಹೆಸರಾಗಿದೆ. 1948ರ ಚುನಾವಣೆಯಲ್ಲಿ ಡಿ. ಎಫ್. ಮಲಾನ್ ಅವರ ನ್ಯಾಷನಲ್ ಪಕ್ಷ ಗೆದ್ದು, ಅದುವರೆಗೆ ಚೂರುಪಾರಾಗಿದ್ದ ಭೇದಭಾವವನ್ನು ‘ಅಪಾರ್ಥೈಡ್’ ಎಂಬ ಹೆಸರಿನ ಸಮಗ್ರ ರಾಜ್ಯನೀತಿಯಾಗಿ ಮಾರ್ಪಡಿಸಿತು. ಪ್ರತಿಯೊಬ್ಬರನ್ನೂ ಹುಟ್ಟಿನಿಂದಲೇ ಒಂದು ಜನಾಂಗಕ್ಕೆ ಸೇರಿಸಿ ದಾಖಲಿಸುವ, ಊರುಗಳನ್ನು ಜನಾಂಗವಾರು ಹಂಚುವ ಕಾಯಿದೆಗಳು 1950ರಲ್ಲಿ ಬಂದವು. ಕರಿಯರು ನಗರಗಳಲ್ಲಿ ಓಡಾಡಲು ಸದಾ ಪಾಸ್ ಹೊಂದಿರಬೇಕೆಂಬ ನಿಯಮ ಮತ್ತಷ್ಟು ಬಿಗಿಯಾಯಿತು. 1952ರಲ್ಲಿ ಇದರ ವಿರುದ್ಧ ಕಾನೂನುಭಂಗ ಚಳವಳಿ ನಡೆಯುತ್ತಿದ್ದಾಗ ಏಷ್ಯ ಮತ್ತು ಅರಬ್ ಜಗತ್ತಿನ 13 ದೇಶಗಳು ಅಪಾರ್ಥೈಡ್ ನೀತಿಯನ್ನೇ ಸಾಮಾನ್ಯ ಸಭೆಯ ಮುಂದಿಟ್ಟವು. ಒಂದು ದೇಶದವರ ದೂರಾಗಿದ್ದ ಪ್ರಶ್ನೆ ಹೀಗೆ ಎಲ್ಲರ ಪ್ರಶ್ನೆಯಾಯಿತು.

ನಂತರದ ಏಳೆಂಟು ವರ್ಷ ನಿರ್ಣಯಗಳು ಬಂದವು, ದಕ್ಷಿಣ ಆಫ್ರಿಕ ಅವನ್ನು ಕಡೆಗಣಿಸಿತು. ಸಾಮಾನ್ಯ ಸಭೆಯ ನಿರ್ಣಯಗಳು ಶಿಫಾರಸುಗಳೇ ಹೊರತು ಆಜ್ಞೆಗಳಲ್ಲ. ಸದಸ್ಯ ರಾಷ್ಟ್ರಗಳನ್ನು ಕಟ್ಟಿಹಾಕಬಲ್ಲ ತೀರ್ಮಾನ ಭದ್ರತಾ ಮಂಡಳಿಯಿಂದ ಬರಬೇಕು, ಮತ್ತು ಅಲ್ಲಿ ಐದು ಕಾಯಂ ಸದಸ್ಯ ರಾಷ್ಟ್ರಗಳಲ್ಲಿ ಯಾವುದಾದರೂ ಒಂದು ವಿಟೋ ಚಲಾಯಿಸಿದರೆ, ಅಂದರೆ ತನ್ನ ನಿರಾಕರಣಾಧಿಕಾರವನ್ನು ಬಳಸಿದರೆ, ಉಳಿದವರೆಲ್ಲ ಒಪ್ಪಿದರೂ ನಿರ್ಣಯ ಬಿದ್ದುಹೋಗುತ್ತದೆ.

ಈ ಸ್ಥಿತಿಯನ್ನು ಅಲುಗಿಸಿದ್ದು 1960ನೆಯ ಇಸವಿ. ಆ ವರ್ಷ ಆಫ್ರಿಕದ 17 ದೇಶಗಳು ಸ್ವತಂತ್ರವಾಗಿ ಸಾಮಾನ್ಯ ಸಭೆಯ ಸಂಖ್ಯಾಬಲವನ್ನೇ ಬದಲಿಸಿದವು. ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬಲ್ಲಿ ಪಾಸ್ ಕಾಯಿದೆಯ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಾಗ, ಭದ್ರತಾ ಮಂಡಳಿ ಮೊದಲ ಬಾರಿಗೆ ಈ ವಿಷಯವನ್ನು ಕೈಗೆತ್ತಿಕೊಂಡು, ದಕ್ಷಿಣ ಆಫ್ರಿಕ ತನ್ನ ನೀತಿಯನ್ನು ಬಿಡಬೇಕೆಂದು ಏಪ್ರಿಲ್ 1ರಂದು ನಿರ್ಣಯಿಸಿತು. ಬ್ರಿಟನ್ ಮತ್ತು ಫ್ರಾನ್ಸ್ ತಟಸ್ಥವಾಗಿದ್ದವು. ವಿಟೋ ಚಲಾಯಿಸದೆ ಸುಮ್ಮನಿದ್ದುದೇ ಆಗ ದೊಡ್ಡ ಬದಲಾವಣೆಯಾಗಿತ್ತು. ಡಿಸೆಂಬರ್ 14ರಂದು ಸಾಮಾನ್ಯ ಸಭೆಯು ವಸಾಹತು ದೇಶಗಳಿಗೂ ಜನತೆಗೂ ಸ್ವಾತಂತ್ರ್ಯ ನೀಡುವ ಕುರಿತ ಘೋಷಣೆಯನ್ನು 89 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ; ಒಲ್ಲದ 9 ದೇಶಗಳು ತಟಸ್ಥವಾಗಿ ಉಳಿದವು, ಅವುಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಪೋರ್ಚುಗಲ್, ದಕ್ಷಿಣ ಆಫ್ರಿಕ ಸೇರಿದ್ದವು. ಒಂದು ಜನತೆ ಆಡಳಿತಕ್ಕೆ ಇನ್ನೂ ‘ಸಿದ್ಧವಾಗಿಲ್ಲ’ವೆಂಬುದು ಸ್ವಾತಂತ್ರ್ಯವನ್ನು ಮುಂದೂಡಲು ನೆಪವಾಗಕೂಡದೆಂದು ಆ ಘೋಷಣೆ ಸ್ಪಷ್ಟವಾಗಿ ಹೇಳಿತು. ಅದರ ಜಾರಿಯನ್ನು ನೋಡಿಕೊಳ್ಳಲು ಮರುವರ್ಷ ಒಂದು ಸಮಿತಿಯೂ ನೇಮಕವಾಯಿತು.

ಆಂತರಿಕ ವಿಷಯವೆಂಬ ವಾದವನ್ನು ಪೋರ್ಚುಗಲ್ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿತ್ತು. ಅಂಗೋಲ, ಮೊಜಾಂಬಿಕ್, ಗೋವಾ ಇವೆಲ್ಲ ವಸಾಹತುಗಳಲ್ಲವೆಂದೂ ಪೋರ್ಚುಗಲ್ಲಿನದೇ ಸಾಗರೋತ್ತರ ಪ್ರಾಂತ್ಯಗಳೆಂದೂ 1951ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿದ್ದ ಆ ದೇಶ, 1955ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದ ಮೇಲೆ, ವರದಿ ಸಲ್ಲಿಸಬೇಕಾದ ಪರಾಧೀನ ಪ್ರದೇಶಗಳೇ ತನ್ನ ಬಳಿ ಇಲ್ಲವೆಂದು ಸಾಧಿಸಿತು. 1960ರ ಡಿಸೆಂಬರ್ 15ರಂದು ಸಾಮಾನ್ಯ ಸಭೆ ಆ ಪ್ರದೇಶಗಳನ್ನು ಒಂದೊಂದಾಗಿ ಹೆಸರಿಸಿ ಅವು ಪರಾಧೀನವೇ ಎಂದು ನಿರ್ಣಯಿಸಿತು. ಪಟ್ಟಿಯಲ್ಲಿ ಗೋವಾ ಕೂಡ ಇತ್ತು. ಗೋವಾ ವಿಮೋಚನೆಯ ಚಳವಳಿಗೆ ಬೆಳಗಾವಿ ಬಹುಕಾಲ ನೆಲೆಯಾಗಿತ್ತು, 1955ರ ಆಗಸ್ಟಿನಲ್ಲಿ ಕರ್ನಾಟಕದ ಸತ್ಯಾಗ್ರಹಿಗಳೂ ಗಡಿ ದಾಟಿದ್ದರು, ಮತ್ತು 1961ರ ಡಿಸೆಂಬರಿನಲ್ಲಿ ಭಾರತೀಯ ಸೇನೆ ಜಮಾವಣೆಗೊಂಡದ್ದೂ ಬೆಳಗಾವಿಯ ಸುತ್ತಮುತ್ತಲೇ. ಸೇನೆ ಗೋವಾ ಪ್ರವೇಶಿಸಿದಾಗ ಭದ್ರತಾ ಮಂಡಳಿಯಲ್ಲಿ ಕದನವಿರಾಮಕ್ಕೆ ಕರೆ ಕೊಡುವ ನಿರ್ಣಯದ ಪರ 7, ವಿರುದ್ಧ 4 ಮತಗಳು ಬಿದ್ದವು; ಸೋವಿಯತ್ ವಿಟೋದಿಂದ ಅದು ಬಿದ್ದುಹೋಯಿತು. ಭಾರತದ ಪ್ರತಿನಿಧಿ ಸಿ. ಎಸ್. ಝಾ 1960ರ ಘೋಷಣೆಯನ್ನು ಮುಂದಿಟ್ಟು, ವಸಾಹತು ಆಡಳಿತವೇ ಅಕ್ರಮವಾದಾಗ ಅದರ ಗಡಿಗೆ ಪಾವಿತ್ರ್ಯವೆಲ್ಲಿಯದು ಎಂಬ ಧಾಟಿಯಲ್ಲಿ ವಾದಿಸಿದರು. ಶಾಂತಿಯ ಮಾತಾಡುತ್ತಿದ್ದ ನೆಹರೂ ಸರ್ಕಾರ ಬಲಪ್ರಯೋಗ ಮಾಡಿತೆಂಬ ಟೀಕೆ ಪಶ್ಚಿಮದಲ್ಲಿ ಬಹಳ ಕಾಲ ಉಳಿಯಿತು. ಆದರೆ 14 ವರ್ಷ ಮಾತುಕತೆಗೆ ಕಾದ ದೇಶದ ಮೇಲೆ ತೋರಿದ ಆ ಸಿಟ್ಟಿನ ಅರ್ಧದಷ್ಟಾದರೂ ಅದೇ ವರ್ಷ ಅಂಗೋಲದ ದಂಗೆಯನ್ನು ಪೋರ್ಚುಗಲ್ ರಕ್ತದಲ್ಲಿ ಅದುಮಿದಾಗ ಕಾಣಿಸಬೇಕಿತ್ತು.

1961ರಲ್ಲಿ ದಕ್ಷಿಣ ಆಫ್ರಿಕ ಗಣರಾಜ್ಯವಾಗಲು ಹೊರಟು, ಕಾಮನ್‌ವೆಲ್ತ್ ಎಂಬ ಹಿಂದಿನ ಬ್ರಿಟಿಷ್ ಸಾಮ್ರಾಜ್ಯದ ದೇಶಗಳ ಕೂಟದಲ್ಲಿ ಮುಂದುವರಿಯಲು ಅನುಮತಿ ಕೇಳಿದಾಗ, ಲಂಡನ್ ಸಭೆಯಲ್ಲಿ ಏಷ್ಯ, ಆಫ್ರಿಕದ ನಾಯಕರ ಜೊತೆಗೆ ಕೆನಡದ ಪ್ರಧಾನಿ ಜಾನ್ ಡೀಫೆನ್‌ಬೇಕರ್ ಕೂಡ ವರ್ಣಭೇದವನ್ನು ಖಂಡಿಸಿದರು. ಪ್ರಧಾನಿ ವೆರ್ವೂರ್ಡ್ ಕೋರಿಕೆಯನ್ನು ಹಿಂತೆಗೆದುಕೊಂಡು ಹೊರನಡೆದರು. ಮರುವರ್ಷದ ನವೆಂಬರ್ 6ರಂದು ಸಾಮಾನ್ಯ ಸಭೆಯು, ಸದಸ್ಯ ರಾಷ್ಟ್ರಗಳು ದಕ್ಷಿಣ ಆಫ್ರಿಕದೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಳ್ಳಬೇಕು, ಅದರ ಹಡಗುಗಳಿಗೆ ಬಂದರುಗಳನ್ನು ಮುಚ್ಚಬೇಕು, ಅದರ ಸರಕನ್ನು ಬಹಿಷ್ಕರಿಸಬೇಕು ಎಂದು ಕೇಳಿಕೊಂಡಿತು. ಇದೇ ನಿರ್ಣಯ ವರ್ಣಭೇದದ ಮೇಲೆ ನಿಗಾ ಇಡುವ ವಿಶೇಷ ಸಮಿತಿಯನ್ನೂ ಸ್ಥಾಪಿಸಿತು. ಸಮಿತಿಯಲ್ಲಿ ಕೂರಲು ಪಶ್ಚಿಮದ ಒಂದು ದೇಶವೂ ಒಪ್ಪಲಿಲ್ಲ. ಅದರಿಂದ ಕೆಡುಕಿಗಿಂತ ಒಳಿತೇ ಹೆಚ್ಚಾಯಿತೆನ್ನಬಹುದು, ಏಕೆಂದರೆ ಪ್ರತಿ ವಾಕ್ಯವನ್ನೂ ಸಡಿಲಗೊಳಿಸಲು ಕಾದು ಕೂರುವವರು ಅಲ್ಲಿ ಇರಲಿಲ್ಲ. ಸಮಿತಿಯ ಕಾರ್ಯದರ್ಶಿಯಾಗಿ ದುಡಿದವರು ಆಂಧ್ರದ ನೆಲ್ಲೂರು ಸೀಮೆಯಲ್ಲಿ ಹುಟ್ಟಿದ ಇ. ಎಸ್. ರೆಡ್ಡಿ. ಅವರು ಕೇವಲ ಕಡತ ನಡೆಸುವ ಅಧಿಕಾರಿಯಾಗಿ ಉಳಿಯದೆ, ಲಂಡನ್, ನ್ಯೂಯಾರ್ಕ್, ಸ್ಟಾಕ್‌ಹೋಮ್‌ಗಳ ಚರ್ಚುಗಳು, ಕಾರ್ಮಿಕ ಸಂಘಗಳು, ವಿದ್ಯಾರ್ಥಿ ಗುಂಪುಗಳು ಮತ್ತು ದೇಶಭ್ರಷ್ಟ ಹೋರಾಟಗಾರರನ್ನು ವಿಶ್ವಸಂಸ್ಥೆಯೊಂದಿಗೆ ಬೆಸೆದರು. ರಾಜಕೀಯ ಕೈದಿಗಳ ಮೊಕದ್ದಮೆಯ ಖರ್ಚಿಗೂ ಅವರ ಕುಟುಂಬಗಳ ನೆರವಿಗೂ 1965ರಲ್ಲಿ ವಿಶ್ವಸಂಸ್ಥೆಯ ನಿಧಿಯೊಂದು ಹುಟ್ಟಿತು. ಅದಕ್ಕೂ ಮೊದಲು, ನೆಲ್ಸನ್ ಮಂಡೇಲ ಮತ್ತು ಅವರ ಸಂಗಡಿಗರ ವಿಚಾರಣೆ ಆರಂಭವಾದ 1963ರ ಅಕ್ಟೋಬರಿನಲ್ಲಿ, ರಾಜಕೀಯ ಕೈದಿಗಳನ್ನು ಬಿಡಬೇಕೆಂಬ ನಿರ್ಣಯಕ್ಕೆ 106 ದೇಶಗಳು ಮತ ಹಾಕಿದವು. ವಿರೋಧಿಸಿದ್ದು ದಕ್ಷಿಣ ಆಫ್ರಿಕ ಒಂದೇ. ಮಂಡೇಲ ಅವರಿಗೆ ಮರಣದಂಡನೆಯ ಬದಲು ಜೀವಾವಧಿ ಶಿಕ್ಷೆಯಾದುದಕ್ಕೆ ಹೊರಗಿನ ಈ ಕಣ್ಣುಗಳೂ ಒಂದು ಕಾರಣವೆಂದು ಅನೇಕರು ನಂಬುತ್ತಾರೆ.

ಖಂಡನೆಯಿಂದ ಶಿಕ್ಷೆಗೆ ಹೋಗುವ ಹಾದಿ ಎಷ್ಟು ಸೋರುತ್ತದೆಂಬುದನ್ನು ತಿಳಿಯಲು ನೆರೆಯ ರೊಡೇಸಿಯವನ್ನು, ಅಂದರೆ ಇಂದಿನ ಜಿಂಬಾಬ್ವೆಯನ್ನು ನೋಡಬೇಕು. ಜನಸಂಖ್ಯೆಯಲ್ಲಿ ಸುಮಾರು ಶೇ. 5ರಷ್ಟಿದ್ದ ಬಿಳಿಯರ ಸರ್ಕಾರ ಇಯಾನ್ ಸ್ಮಿತ್ ಅವರ ನೇತೃತ್ವದಲ್ಲಿ, ಬಹುಸಂಖ್ಯಾತರಿಗೆ ಅಧಿಕಾರ ಬಿಟ್ಟುಕೊಡಬೇಕಾದೀತೆಂಬ ಭಯದಿಂದ, 1965ರ ನವೆಂಬರ್ 11ರಂದು ಬ್ರಿಟನ್ನಿನಿಂದ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಅದನ್ನು ಯಾವ ದೇಶವೂ, ದಕ್ಷಿಣ ಆಫ್ರಿಕ ಸಹ, ಅಧಿಕೃತವಾಗಿ ಮಾನ್ಯ ಮಾಡಲಿಲ್ಲ. ವಾರಗಳಲ್ಲಿ ಅದು ಕುಸಿಯುತ್ತದೆಂದು ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ವಿಲ್ಸನ್ 1966ರ ಆರಂಭದಲ್ಲಿ ಭರವಸೆ ಕೊಟ್ಟಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಕಡ್ಡಾಯ ಆರ್ಥಿಕ ನಿರ್ಬಂಧವನ್ನು ಹೇರಿ, 1968ರ ಮೇ ತಿಂಗಳಲ್ಲಿ ಅದನ್ನು ಬಹುತೇಕ ಎಲ್ಲ ವ್ಯಾಪಾರಕ್ಕೂ ವಿಸ್ತರಿಸಿತು. ಮೊಜಾಂಬಿಕ್ ಕರಾವಳಿಯ ಬೈರಾ ಬಂದರಿಗೆ ರೊಡೇಸಿಯಕ್ಕೆ ಹೋಗುವ ತೈಲ ಬರದಂತೆ ಬ್ರಿಟಿಷ್ ನೌಕಾಪಡೆ ಒಂಬತ್ತು ವರ್ಷ ಕಾವಲು ನಿಂತಿತು. ಆದರೆ ತೈಲವು ಪೋರ್ಚುಗೀಸರ ಇನ್ನೊಂದು ಬಂದರಾದ ಲೊರೆನ್ಸೊ ಮಾರ್ಕ್ವೆಸ್ ಮೂಲಕವೂ ದಕ್ಷಿಣ ಆಫ್ರಿಕದ ಮೂಲಕವೂ ಹರಿಯುತ್ತಲೇ ಇತ್ತು, ಮತ್ತು ಅದನ್ನು ಪೂರೈಸಿದವರಲ್ಲಿ ಬ್ರಿಟಿಷ್ ತೈಲ ಕಂಪನಿಗಳ ಅಂಗಸಂಸ್ಥೆಗಳೇ ಇದ್ದವೆಂದು 1978ರಲ್ಲಿ ಬ್ರಿಟಿಷ್ ಸರ್ಕಾರದ್ದೇ ವಿಚಾರಣಾ ವರದಿ ಬಯಲು ಮಾಡಿತು. ಉಕ್ಕಿನ ತಯಾರಿಕೆಗೆ ಬೇಕಾದ ಕ್ರೋಮ್ ಅದಿರನ್ನು ಸೋವಿಯತ್ ಒಕ್ಕೂಟದಿಂದ ಕೊಳ್ಳುವುದಕ್ಕಿಂತ ರೊಡೇಸಿಯದಿಂದ ಕೊಳ್ಳುವುದು ಮೇಲೆಂದು ಅಮೆರಿಕದ ಸಂಸತ್ತು 1971ರಲ್ಲಿ ಕಾಯಿದೆಯನ್ನೇ ಮಾಡಿತು. ಅದು ರದ್ದಾದದ್ದು 1977ರಲ್ಲಿ. ಅಮೆರಿಕ ಭದ್ರತಾ ಮಂಡಳಿಯಲ್ಲಿ ತನ್ನ ಮೊತ್ತಮೊದಲ ವಿಟೋವನ್ನು 1970ರ ಮಾರ್ಚ್‌ನಲ್ಲಿ ಚಲಾಯಿಸಿದ್ದೂ ಇದೇ ರೊಡೇಸಿಯದ ವಿಷಯದಲ್ಲಿ. ಸೋರಿಕೆ ತಗ್ಗಿದ್ದು ಭೂಪಟ ಬದಲಾದಾಗ. 1974ರಲ್ಲಿ ಲಿಸ್ಬನ್ನಿನಲ್ಲಿ ಸೈನಿಕ ಕ್ರಾಂತಿಯಾಗಿ, ಮರುವರ್ಷ ಮೊಜಾಂಬಿಕ್ ಸ್ವತಂತ್ರವಾಗಿ, 1976ರಲ್ಲಿ ತನ್ನ ಗಡಿಯನ್ನು ಮುಚ್ಚಿತು. ಗಡಿ ಮುಚ್ಚಿದ ಆ ಬಡ ದೇಶ ತನ್ನದೇ ರೈಲು, ಬಂದರುಗಳ ಆದಾಯವನ್ನು ಕಳೆದುಕೊಂಡಿತು. ಗೆರಿಲ್ಲಾ ಯುದ್ಧ, ಗಡಿಯ ಮುಚ್ಚುವಿಕೆ, ನಿರ್ಬಂಧ ಇವೆಲ್ಲ ಸೇರಿ ರೊಡೇಸಿಯದ ಆಡಳಿತವನ್ನು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್ ಮಾತುಕತೆಗೆ ತಂದು, 1980ರ ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟುವಂತೆ ಮಾಡಿದವು. ವಿಲ್ಸನ್ ಅವರ ವಾರಗಳು ಹದಿನಾಲ್ಕು ವರ್ಷಗಳಾದವು.

ದಕ್ಷಿಣ ಆಫ್ರಿಕಕ್ಕೆ ಶಸ್ತ್ರಾಸ್ತ್ರ ಮಾರಬಾರದೆಂದು ಭದ್ರತಾ ಮಂಡಳಿ 1963ರ ಆಗಸ್ಟಿನಲ್ಲೇ ಕೇಳಿಕೊಂಡಿದ್ದರೂ ಆ ಮನವಿಯನ್ನು ಪಾಲಿಸುವುದು ಐಚ್ಛಿಕವಾಗಿದ್ದುದರಿಂದ ಫ್ರಾನ್ಸ್ ಮಿರಾಜ್ ಯುದ್ಧವಿಮಾನಗಳನ್ನು ಮಾರುತ್ತಲೇ ಇತ್ತು. 1974ರ ಅಕ್ಟೋಬರಿನಲ್ಲಿ ಆ ದೇಶವನ್ನು ವಿಶ್ವಸಂಸ್ಥೆಯಿಂದಲೇ ಹೊರಹಾಕುವ ಪ್ರಸ್ತಾಪಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಒಟ್ಟಿಗೆ ವಿಟೋ ಚಲಾಯಿಸಿದವು. ಅದರ ಬೆನ್ನಿಗೇ ಸಾಮಾನ್ಯ ಸಭೆಯ ಅಧ್ಯಕ್ಷರಾಗಿದ್ದ ಅಲ್ಜೀರಿಯದ ಅಬ್ದೆಲಜೀಜ್ ಬೂತೆಫ್ಲಿಕ, ದಕ್ಷಿಣ ಆಫ್ರಿಕದ ನಿಯೋಗ ಸಭೆಯ ಕಲಾಪದಲ್ಲಿ ಭಾಗವಹಿಸುವಂತಿಲ್ಲವೆಂದು ತೀರ್ಪು ಕೊಟ್ಟರು. ಸದಸ್ಯತ್ವ ಉಳಿಯಿತು, ಕುರ್ಚಿ ಹೋಯಿತು. 1976ರ ಜೂನ್‌ನಲ್ಲಿ ಸೊವೆಟೊದ ಶಾಲಾಮಕ್ಕಳ ಮೇಲೆ ಗುಂಡು ಹಾರಿ, 1977ರ ಸೆಪ್ಟೆಂಬರಿನಲ್ಲಿ ಯುವನಾಯಕ ಸ್ಟೀವ್ ಬಿಕೊ ಪೊಲೀಸರ ವಶದಲ್ಲಿ ಸತ್ತ ಮೇಲೆ ಪಶ್ಚಿಮ ದೇಶಗಳಿಗೆ ಮತ್ತೊಂದು ವಿಟೋ ಹಾಕುವುದು ಕಷ್ಟವಾಯಿತು. 1977ರ ನವೆಂಬರ್ 4ರಂದು ಶಸ್ತ್ರನಿರ್ಬಂಧ ಕಡ್ಡಾಯವಾಯಿತು. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವೊಂದರ ಮೇಲೆ ಅಂಥ ಕ್ರಮ ಅದೇ ಮೊದಲು. ಜನಾಂಗದ ಹೆಸರಿನ ದಬ್ಬಾಳಿಕೆ ಅಂತರರಾಷ್ಟ್ರೀಯ ಶಾಂತಿಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆಯೆಂದು ಭದ್ರತಾ ಮಂಡಳಿ ಒಪ್ಪಿಕೊಂಡ ಆ ದಿನ, ಆಂತರಿಕ ವಿಷಯವೆಂಬ ಗುರಾಣಿ ಕಾನೂನಿನ ದೃಷ್ಟಿಯಲ್ಲಿ ಮುರಿದುಬಿದ್ದಂತೆಯೇ.

ಜನಸಾಮಾನ್ಯರಿಗೆ ಈ ಬಹಿಷ್ಕಾರ ತಿಳಿದದ್ದು ಹೆಚ್ಚಾಗಿ ಕ್ರೀಡೆಯಿಂದ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ದಕ್ಷಿಣ ಆಫ್ರಿಕಕ್ಕೆ ಆಹ್ವಾನ ಸಿಗಲಿಲ್ಲ, 1970ರಲ್ಲಿ ಅದನ್ನು ಒಲಿಂಪಿಕ್ ಸಂಘಟನೆಯಿಂದಲೇ ಹೊರಹಾಕಲಾಯಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್‌ನ ಫೈನಲ್ ತಲುಪಿದ್ದ ಭಾರತ ತಂಡ, ಎದುರಾಳಿ ದಕ್ಷಿಣ ಆಫ್ರಿಕವೆಂಬ ಕಾರಣಕ್ಕೆ ಆಡಲು ನಿರಾಕರಿಸಿ ಕಪ್ಪನ್ನೇ ಬಿಟ್ಟುಕೊಟ್ಟಿತು. ಅಮೃತರಾಜ್ ಸಹೋದರರ ಉತ್ತುಂಗದ ದಿನಗಳವು. ಭಾರತದ ಪಾಸ್‌ಪೋರ್ಟುಗಳ ಮೇಲೆ ಇದು ದಕ್ಷಿಣ ಆಫ್ರಿಕಕ್ಕೆ ಸಲ್ಲದೆಂಬ ಒಕ್ಕಣೆ ದಶಕಗಳ ಕಾಲ ಅಚ್ಚಾಗುತ್ತಿತ್ತು. 1967ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ದೆಹಲಿಯಲ್ಲಿ ಕಚೇರಿ ತೆರೆಯಲು ಅವಕಾಶ ಸಿಕ್ಕಿತು.

ಆದರೂ ಚಿನ್ನ, ವಜ್ರ, ಯುರೇನಿಯಂಗಳ ದೇಶವೊಂದರ ಮೇಲೆ ಸಮಗ್ರ ಆರ್ಥಿಕ ನಿರ್ಬಂಧ ಹೇರಲು ಅಮೆರಿಕವೂ ಬ್ರಿಟನ್ನೂ ಕೊನೆಯವರೆಗೆ ಒಪ್ಪಲಿಲ್ಲ. ನಿರ್ಬಂಧದಿಂದ ಮೊದಲು ಹಸಿಯುವವರು ಕರಿಯ ಕಾರ್ಮಿಕರೇ ಎಂಬುದು ಮಾರ್ಗರೆಟ್ ಥ್ಯಾಚರ್ ಮತ್ತು ರೊನಾಲ್ಡ್ ರೇಗನ್ ಮುಂದಿಟ್ಟ ವಾದ. ಆ ವಾದಕ್ಕೆ ಉತ್ತರ ಬಹಳ ಹಿಂದೆಯೇ ಬಂದಿತ್ತು; ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಆಲ್ಬರ್ಟ್ ಲುಥುಲಿ 1959ರಲ್ಲೇ, ಕಷ್ಟವಾದರೂ ಸರಿ ನಮ್ಮ ದೇಶದ ಸರಕನ್ನು ಕೊಳ್ಳಬೇಡಿ ಎಂಬ ಕರೆಗೆ ದನಿಗೂಡಿಸಿದ್ದರು. ಕೊನೆಗೆ ಪೆಟ್ಟು ಬಿದ್ದದ್ದು ಸರ್ಕಾರಗಳಿಗಿಂತ ಮೊದಲು ಬ್ಯಾಂಕುಗಳಿಂದ. ದೇಶದೊಳಗೆ ದಂಗೆ ಹಬ್ಬಿ 1985ರ ಜುಲೈನಲ್ಲಿ ತುರ್ತುಸ್ಥಿತಿ ಘೋಷಣೆಯಾದಾಗ, ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ಅಲ್ಪಾವಧಿ ಸಾಲಗಳನ್ನು ನವೀಕರಿಸಲು ನಿರಾಕರಿಸಿತು. ಆಗಸ್ಟ್ 15ರಂದು ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಸುಧಾರಣೆಗಳನ್ನು ಘೋಷಿಸುತ್ತಾರೆಂದು ಕಾದಿದ್ದ ಜಗತ್ತಿಗೆ ಸಿಕ್ಕಿದ್ದು ಮೊಂಡುತನದ ಭಾಷಣ. ರ‍್ಯಾಂಡ್ ನಾಣ್ಯದ ಬೆಲೆ ಕುಸಿಯಿತು, ಉಳಿದ ಬ್ಯಾಂಕುಗಳೂ ಹಣ ಹಿಂದಕ್ಕೆ ಕೇಳಿದವು, ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕ ವಿದೇಶಿ ಸಾಲದ ಅಸಲಿನ ಮರುಪಾವತಿಯನ್ನೇ ನಿಲ್ಲಿಸಬೇಕಾಯಿತು. ಬ್ಯಾಂಕುಗಳಿಗೆ ಇದ್ದಕ್ಕಿದ್ದಂತೆ ನ್ಯಾಯಪ್ರಜ್ಞೆ ಮೂಡಿತೆಂದು ತಿಳಿಯಬೇಕಾಗಿಲ್ಲ. ಹೂಡಿಕೆ ಹಿಂತೆಗೆಯಿರೆಂದು ವಿಶ್ವವಿದ್ಯಾಲಯಗಳು, ಪಿಂಚಣಿ ನಿಧಿಗಳು, ನಗರಸಭೆಗಳು ವರ್ಷಗಟ್ಟಲೆ ತಂದ ಒತ್ತಡದಿಂದ ಆ ವ್ಯವಹಾರದಲ್ಲಿ ಲಾಭಕ್ಕಿಂತ ತಲೆನೋವೇ ಹೆಚ್ಚೆಂಬ ಲೆಕ್ಕ ಅವರಿಗೆ ಸಿಕ್ಕಿತ್ತು.

ಅದೇ ವರ್ಷ ಕಾಮನ್‌ವೆಲ್ತ್ ದಕ್ಷಿಣ ಆಫ್ರಿಕದೊಂದಿಗೆ ಮಾತುಕತೆಗೆಂದು ರಚಿಸಿದ ಗಣ್ಯರ ತಂಡದಲ್ಲಿ ಆಸ್ಟ್ರೇಲಿಯದ ಮಾಲ್ಕಂ ಫ್ರೇಸರ್, ನೈಜೀರಿಯದ ಒಬಸಾಂಜೊ ಅವರೊಂದಿಗೆ ಭಾರತದ ಸ್ವರಣ್ ಸಿಂಗ್ ಕೂಡ ಇದ್ದರು. ತಂಡ ಇನ್ನೂ ಮಾತುಕತೆಯಲ್ಲಿದ್ದಾಗಲೇ, 1986ರ ಮೇ 19ರಂದು, ದಕ್ಷಿಣ ಆಫ್ರಿಕದ ಪಡೆಗಳು ಬೋಟ್ಸ್ವಾನ, ಜಾಂಬಿಯ, ಜಿಂಬಾಬ್ವೆ ಎಂಬ ಮೂರು ನೆರೆದೇಶಗಳ ಮೇಲೆ ದಾಳಿ ಮಾಡಿದವು. ಥ್ಯಾಚರ್ ಆಗಲೂ ಬಗ್ಗದಿದ್ದುದರಿಂದ ಆ ಬೇಸಿಗೆಯ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಭಾರತವೂ ಸೇರಿ 32 ದೇಶಗಳು ಬಹಿಷ್ಕರಿಸಿದವು. ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ರೇಗನ್ ಅವರ ವಿಟೋವನ್ನು ಮೀರಿ ನಿರ್ಬಂಧದ ಕಾಯಿದೆಯನ್ನು ತಂದಿತು. ಸೆನೆಟ್ಟಿನಲ್ಲಿ ಅದಕ್ಕೆ 78 ಮತಗಳು ಬಿದ್ದವು, ಅಧ್ಯಕ್ಷರ ಸ್ವಂತ ಪಕ್ಷದವರೂ ಅವರ ಕೈಬಿಟ್ಟಿದ್ದರು.

ಇದೆಲ್ಲಕ್ಕೆ ಸಮಾನಾಂತರವಾಗಿ ನಡೆದು, ಎಲ್ಲವನ್ನೂ ಒಂದೆಡೆ ಸೇರಿಸಿದ್ದು ನಮೀಬಿಯದ ಪ್ರಕರಣ. ಜರ್ಮನಿಯ ವಸಾಹತಾಗಿದ್ದ, 1904ರಿಂದ 1908ರ ನಡುವೆ ಹೆರೆರೊ ಮತ್ತು ನಾಮಾ ಜನರ ನರಮೇಧವನ್ನು ಕಂಡ ಆ ನೆಲವನ್ನು ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘವು ‘ಮ್ಯಾಂಡೇಟ್’ ಆಗಿ, ಅಂದರೆ ಅಲ್ಲಿನ ಜನರ ಹಿತಕ್ಕಾಗಿ ನೋಡಿಕೊಳ್ಳಬೇಕಾದ ಹೊಣೆಯಾಗಿ, ದಕ್ಷಿಣ ಆಫ್ರಿಕಕ್ಕೆ ಒಪ್ಪಿಸಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯಬೇಕಾದ ದೇಶ ಅದನ್ನು ತನ್ನೊಳಗೆ ಸೇರಿಸಿಕೊಳ್ಳಲು 1946ರಲ್ಲಿ ಅನುಮತಿ ಕೇಳಿತು. ಭಾರತದ ದೂರು ಗೆದ್ದ ಅದೇ ಅಧಿವೇಶನ ಆ ಕೋರಿಕೆಯನ್ನು ತಳ್ಳಿಹಾಕಿತು. ಇಥಿಯೋಪಿಯ ಮತ್ತು ಲೈಬೀರಿಯ 1960ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದವು. ಆರು ವರ್ಷಗಳ ವಿಚಾರಣೆಯ ಬಳಿಕ, ಒಬ್ಬ ನ್ಯಾಯಾಧೀಶರು ಮೃತರಾಗಿ, ಇನ್ನೊಬ್ಬರು ಕಾಯಿಲೆ ಬಿದ್ದು, ಪಾಕಿಸ್ತಾನದ ಜಫ್ರುಲ್ಲಾ ಖಾನ್ ಈ ಮೊಕದ್ದಮೆಯಿಂದ ದೂರವುಳಿಯುವಂತಾಗಿ, ಪೀಠ ಏಳಕ್ಕೆ ಏಳು ಎಂದು ಒಡೆದಾಗ, ಅಧ್ಯಕ್ಷ ಪರ್ಸಿ ಸ್ಪೆಂಡರ್ ಅವರ ನಿರ್ಣಾಯಕ ಮತದಿಂದ ದೂರು ಬಿದ್ದುಹೋಯಿತು. ಇಂಥ ದಾವೆ ಹೂಡುವ ಹಕ್ಕನ್ನು ಆ ಎರಡು ದೇಶಗಳು ಸ್ಥಾಪಿಸಿಲ್ಲವೆಂಬುದು ಕೊಟ್ಟ ಕಾರಣ. 1966ರ ಜುಲೈನ ಆ ತೀರ್ಪಿಗೆ ಸಾಮಾನ್ಯ ಸಭೆ ಅಕ್ಟೋಬರಿನಲ್ಲಿ ಮ್ಯಾಂಡೇಟನ್ನೇ ರದ್ದುಗೊಳಿಸಿ ಉತ್ತರ ಕೊಟ್ಟಿತು. 1971ರ ಜೂನ್‌ನಲ್ಲಿ ಅದೇ ನ್ಯಾಯಾಲಯ, ಈ ಬಾರಿ ಜಫ್ರುಲ್ಲಾ ಖಾನ್ ಅವರ ಅಧ್ಯಕ್ಷತೆಯಲ್ಲೇ, ನಮೀಬಿಯದಲ್ಲಿ ದಕ್ಷಿಣ ಆಫ್ರಿಕ ಇರುವುದು ಅಕ್ರಮವೆಂದೂ ಅದು ಕೂಡಲೇ ತೆರವು ಮಾಡಬೇಕೆಂದೂ ಅಭಿಪ್ರಾಯಪಟ್ಟಿತು.

ಕಾನೂನು ಸ್ಪಷ್ಟವಾದರೂ ಸೈನ್ಯ ಅಲುಗಲಿಲ್ಲ. ಕದನವಿರಾಮ ಮತ್ತು ವಿಶ್ವಸಂಸ್ಥೆಯ ಉಸ್ತುವಾರಿಯ ಚುನಾವಣೆಯ ಯೋಜನೆಯನ್ನು 1978ರ ಸೆಪ್ಟೆಂಬರಿನಲ್ಲಿ ಭದ್ರತಾ ಮಂಡಳಿ 435ನೆಯ ನಿರ್ಣಯವಾಗಿ ಒಪ್ಪಿಕೊಂಡಿತು. ಮೊದಲು ಅಂಗೋಲದಿಂದ ಕ್ಯೂಬಾದ ಸೈನಿಕರು ಹೋಗಲಿ ಎಂದು ರೇಗನ್ ಸರ್ಕಾರ ಗಂಟು ಹಾಕಿದ್ದರಿಂದ ಅದು ಹತ್ತು ವರ್ಷ ಕಪಾಟಿನಲ್ಲೇ ಉಳಿಯಿತು. 1987-88ರಲ್ಲಿ ಅಂಗೋಲದ ಕ್ವಿಟೊ ಕ್ವಾನವಾಲೆಯ ಸುತ್ತ ನಡೆದ ಕಾಳಗದಲ್ಲಿ ದಕ್ಷಿಣ ಆಫ್ರಿಕದ ವಾಯುಪಡೆಗೆ ಆಕಾಶದಲ್ಲಿ ಹಿಂದಿನ ಮೇಲುಗೈ ಇರಲಿಲ್ಲ. ಹೊಸ ವಿಮಾನ ಕೊಳ್ಳಲು ಬಿಡದ 1977ರ ಶಸ್ತ್ರನಿರ್ಬಂಧ ಅದಕ್ಕೊಂದು ಕಾರಣವಾಗಿತ್ತು. ಯುದ್ಧದ ಖರ್ಚು, ನಿಂತುಹೋದ ಸಾಲ ಮತ್ತು ಶೀತಲ ಸಮರದ ಇಳಿತ ಒಟ್ಟಿಗೆ ಬಂದು, 1988ರ ಡಿಸೆಂಬರ್ 22ರಂದು ನ್ಯೂಯಾರ್ಕಿನಲ್ಲಿ ಅಂಗೋಲ, ಕ್ಯೂಬಾ, ದಕ್ಷಿಣ ಆಫ್ರಿಕಗಳ ನಡುವೆ ಒಪ್ಪಂದವಾಯಿತು. 1989ರ ಏಪ್ರಿಲ್ 1ರಿಂದ ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ತಂಡ ನಮೀಬಿಯದ ಹೊಣೆ ಹೊತ್ತಿತು. ಅದರ ಸೇನಾ ವಿಭಾಗದ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪ್ರೇಮ್‌ಚಂದ್. ನವೆಂಬರಿನ ಚುನಾವಣೆಯಲ್ಲಿ ನೋಂದಾಯಿತ ಮತದಾರರಲ್ಲಿ ಸುಮಾರು ಶೇ. 97ರಷ್ಟು ಜನ ಮತ ಹಾಕಿದರು. ಸ್ಯಾಮ್ ನುಯೋಮ ಅವರ ಸ್ವಾಪೊ ಪಕ್ಷ 72ರಲ್ಲಿ 41 ಸ್ಥಾನ ಗೆದ್ದು, ಶಾರ್ಪ್‌ವಿಲ್ ಗೋಲಿಬಾರಿನ ಮೂವತ್ತನೆಯ ವರ್ಷದ ದಿನವಾದ 1990ರ ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು. ಅದಕ್ಕೆ ಐದೂವರೆ ವಾರ ಮೊದಲು ಮಂಡೇಲ ಸೆರೆಮನೆಯಿಂದ ಹೊರಬಂದಿದ್ದರು.

ಆ ಸ್ವಾತಂತ್ರ್ಯದಲ್ಲಿ ಒಂದು ಕೊರೆ ಉಳಿದಿತ್ತು. ನಮೀಬಿಯದ ಒಂದೇ ಒಂದು ಆಳನೀರಿನ ಬಂದರಾದ ವಾಲ್ವಿಸ್ ಬೇಯನ್ನು 1878ರಲ್ಲಿ ಬ್ರಿಟನ್ ಪ್ರತ್ಯೇಕವಾಗಿ ವಶಪಡಿಸಿಕೊಂಡಿತ್ತೆಂಬ ಆಧಾರದ ಮೇಲೆ ದಕ್ಷಿಣ ಆಫ್ರಿಕ ಅದನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಅದು ನಮೀಬಿಯಕ್ಕೆ ಸೇರಬೇಕೆಂದು 1978ರಲ್ಲೇ ಭದ್ರತಾ ಮಂಡಳಿ ಹೇಳಿತ್ತು. ಹೊಸ ದೇಶದ ಆಮದು, ರಫ್ತು ಮತ್ತು ಮೀನುಗಾರಿಕೆ ನಾಲ್ಕು ವರ್ಷ ಹಳೆಯ ಒಡೆಯನ ಕೈಯಲ್ಲಿದ್ದ ಬಂದರನ್ನು ಅವಲಂಬಿಸಿದವು. ಅದು ಹಸ್ತಾಂತರವಾದದ್ದು 1994ರ ಮಾರ್ಚ್ 1ರಂದು, ದಕ್ಷಿಣ ಆಫ್ರಿಕದಲ್ಲಿ ಎಲ್ಲ ಜನಾಂಗದವರೂ ಮೊದಲ ಬಾರಿಗೆ ಮತ ಹಾಕಲಿದ್ದ ಚುನಾವಣೆಗೆ ಇನ್ನು ಎಂಟು ವಾರಗಳಿದ್ದಾಗ.